ಬಲ ಭುಜದ ಹೂ

ಗುತ್ತಲು ರಸ್ತೆ, ಮಂಡ್ಯ
ಮಂಗಳವಾರ, 11 ಫೆಬ್ರವರಿ 2025

ಪ್ರೀತಿಯ ಅವ್ವನಿಗೆ,

ಮದ್ದೂರಿನ ಹಾಸ್ಟೆಲ್ಲಿಗೆ ನನ್ನನ್ನು ಬಿಟ್ಟು ಬಸ್ಸು ಹತ್ತುವಾಗ ನೀನು ಹೇಳಿದ್ದು ಇನ್ನೂ ನೆನಪಿದೆ. "ಕಾಗ್ದ ಬರಿವಾಗ ಮೊದ್ಲು ಚೆನ್ನಾಗಿವ್ನಿ ಅಂತ ಬರಿ, ಆಮೇಕೆ ಬೇಕಾರೆ ಅಳು." ಅಂದಿನಿಂದ ನಿನಗೆ ಬರೆದ ಎಲ್ಲ ಕಾಗದಗಳೂ ಹಾಗೇ ಶುರುವಾಗಿವೆ. ಇವತ್ತು ಆ ಸಾಲು ಬರೆಯಲು ಪೆನ್ನು ಏಳಲಿಲ್ಲ. ಗಾಬರಿಯಾಗಬೇಡ. ಕಾಯಿಲೆಯೇನಿಲ್ಲ. ಉಳಿದಿರುವ ಒಂದು ಕಿಡ್ನಿ ಎರಡರ ಕೆಲಸ ಮಾಡುತ್ತಿದೆ ಎಂದು ಹೋದ ತಿಂಗಳು ಡಾಕ್ಟರು ಹೇಳಿದರು.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಕೊನೆಗೆ ಉಂಡ್ಯಾ ಅನ್ನುತ್ತೀಯ, ಉಂಡೆ ಅನ್ನುತ್ತೇನೆ. ನಮ್ಮಿಬ್ಬರಿಗೂ ಅಷ್ಟೇ ಅಭ್ಯಾಸ. ನಾಳೆ ಸೋಮಮ್ಮ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಊರಿಗೆ ಬರುವಾಗ ಇದನ್ನು ತಂದುಕೊಡುತ್ತಾಳೆ. ಅಪ್ಪುವಿನ ಕೈಯಲ್ಲಿ ಓದಿಸಬೇಡ. ನೀನೇ ಅಕ್ಷರ ಕೂಡಿಸಿಕೊಂಡು ಓದು. ನಿಧಾನವಾಗುತ್ತದೆ. ಆಗಲಿ. ಬರೆಯುವುದೂ ನಿಧಾನವಾಗಿಯೇ ಆಗುತ್ತಿದೆ.

ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಮಳವಳ್ಳಿಯ ಕಡೆಯಿಂದ ದೀಪಿಕ, ಅವಳ ಅಪ್ಪ ಅಮ್ಮ ಬರುತ್ತಾರೆ, ಪಟ್ಟಲಮ್ಮನ ಗುಡಿಯಲ್ಲಿ ಹೂ ಕೇಳಿ ಅಪ್ಪುವಿನ ಸಂಬಂಧ ಗಟ್ಟಿ ಮಾಡುವುದು ಎಂದು ನೀನು ಹೇಳಿದೆ. ಬೆಳಿಗ್ಗೆಯೇ ಬಾ, ಮೈಯೆಲ್ಲಾ ಮುಚ್ಚುವಂಥ ರವಿಕೆ ಹಾಕು, ಗಾಯದ ಗುರುತು ಕಾಣಬಾರದು, ಬಾಯಿ ಬಿಡಬಾರದು ಎಂದೂ ಹೇಳಿದೆ. ಅಪ್ಪುವಿನ ಮಾತ್ರೆಗಳನ್ನು ಗ್ಯಾಸಿನ ಮಾತ್ರೆಯ ಡಬ್ಬಿಗೆ ತುಂಬಿಟ್ಟಿದ್ದೀಯಂತೆ. ದಿನಕ್ಕೆ ಅಷ್ಟು ಮಾತ್ರೆ ನುಂಗುವಷ್ಟು ಗ್ಯಾಸು ಯಾವ ಗಂಡಸಿಗೂ ಇರುವುದಿಲ್ಲ ಅವ್ವ. ಮದುವೆಯಾದ ಮೂರು ದಿನದಲ್ಲಿ ಆ ಹುಡುಗಿ ಕೇಳುತ್ತಾಳೆ.

ನಿನ್ನ ಕಷ್ಟ ನನಗೆ ತಿಳಿಯದ್ದಲ್ಲ. ಕಬ್ಬು ಬೆಳೆಯುವ ಹುಡುಗನಿಗೆ ಈಗ ಈ ಸೀಮೆಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಅಪ್ಪುವಿಗೆ ಮೂವತ್ತಾರು. ಆತಗೂರಿನಲ್ಲಿ ಅವನ ಜೊತೆ ಓದಿದವರಲ್ಲಿ ಅರ್ಧ ಜನ ಇನ್ನೂ ಹಾಗೇ ಇದ್ದಾರೆ. ಅದರ ಮೇಲೆ, ಅವನ ಹೊಟ್ಟೆಯಲ್ಲಿರುವುದು ಅಕ್ಕನ ಕಿಡ್ನಿ ಎಂದರೆ ಬಂದವರು ಕಾಫಿಯನ್ನೂ ಕುಡಿಯದೆ ಎದ್ದು ಹೋಗುತ್ತಾರೆ. ಎದ್ದು ಹೋದವರನ್ನು ನಾನೂ ನೋಡಿದ್ದೇನೆ. ಒಬ್ಬರಂತೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟು ದಾಟಿದರು. ಆಮೇಲೆ ನೀನು ಆ ಲೋಟಗಳನ್ನು ತೊಳೆಯುತ್ತಾ ಎಷ್ಟು ಹೊತ್ತು ನಿಂತಿದ್ದೆ.

ಅದಕ್ಕಾಗಿ ನಾನು ಇಷ್ಟು ದಿನ ಏನೂ ಅನ್ನಲಿಲ್ಲ. ಸಂಕ್ರಾಂತಿಗೆ ಊರಿಗೆ ಬಂದವಳು ಮಾರನೇ ದಿನ ಬೆಳಿಗ್ಗೆಯೇ ಪಾಠವಿದೆ ಎಂದು ಹೊರಟೆನಲ್ಲ, ಪಾಠವಿರಲಿಲ್ಲ. ಹಿಂದಿನ ಸಂಜೆ ನಾನು ಒಳಗೆ ಅಡುಗೆಮನೆಯಲ್ಲಿ ಎಳ್ಳು ಬೆಲ್ಲ ಕಲಸುತ್ತಿದ್ದೆ. ನೀನು ಜಗಲಿಯ ಮೇಲೆ ಗುಡಿಯ ಪೂಜಾರಿ ಮರಿಸಿದ್ದಯ್ಯನ ಜೊತೆ ಮಾತಾಡುತ್ತಿದ್ದೆ. ಕಿಟಕಿ ತೆರೆದಿತ್ತು. ನಾನು ಮನೆಗೆ ಬಂದಿರುವುದನ್ನು ನೀನು ಮರೆತಿದ್ದೆಯೋ, ಕೇಳಿಸಿದರೂ ಆದೀತು ಅಂದುಕೊಂಡೆಯೋ. ಎರಡನೆಯದು ಹೆಚ್ಚು ನೋಯುತ್ತದೆ, ಆದ್ದರಿಂದ ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ.

"ಓದ್ಸಲ ಮಡಗಿದ್ಯಲ್ಲ ಮರಿಸಿದ್ದಯ್ಯ, ಅಂಗೇ ಮಡಗು. ದೀಪವ ಬಲಗಡೆ ಭುಜದತ್ರಕ್ಕೆ ತಳ್ಳು" ಅಂದೆ ನೀನು.

"ಓದ್ಸಲದ್ದು ನಿನ್ ಮಗಳ್ದು ಕಣವ್ವ, ಮನೆ ವಿಚಾರ. ಇವ್ರು ಮಳವಳ್ಳಿಯೋರು, ಬಲೇ ಚುರುಕವ್ರೆ. ಎಣ್ಣು ಕಂಡುಡುದ್ರೆ?" ಅಂದ ಅವನು.

"ನಮ್ ರೂಪ ಕಾಲೇಜ್ನಲ್ಲಿ ಅದೇ ಬಿಸಿ ತಣ್ಣಗಿನ ಪಾಠವ ಏಳ್ಕೊಡೋಳು ಕಣಯ್ಯ. ಅವಳ್ಗೇ ಗೊತ್ತಾಗ್ನಿಲ್ಲ, ಬುಡು."

ಅವನು ನಕ್ಕ. ನೀನೂ ನಕ್ಕೆ. ಆಮೇಲೆ ನಗು ನಿಂತ ಮೇಲೆ, ದನಿ ಇಳಿಸಿ ಒಂದು ಮಾತು ಹೇಳಿದೆ. "ಅವಳ್ಗೇನು ಗಂಡನಾ, ಮಕ್ಕಳಾ? ಒಂದೋದ್ರೂ ಇನ್ನೊಂದಿರ್ತದೆ. ಇವ್ನು ಓದ್ರೆ ನಂಗೇನಿರ್ತದೆ?"

ಕೊಬ್ಬರಿ ಚೂರುಗಳನ್ನು ಬಟ್ಟಲಿಗೆ ಹಾಕುತ್ತಲೇ ಇದ್ದೆ. ಬಟ್ಟಲು ತುಂಬಿ ಚೆಲ್ಲಿದ್ದು ಆಮೇಲೆ ಗೊತ್ತಾಯಿತು. ನೀನು ಒಳಗೆ ಬಂದು, ಇಷ್ಟ್ಯಾಕೆ ಕೊಬ್ರಿ ಆಕ್ದೆ, ಊರ್ಗೆಲ್ಲಾ ಬೀರ್ತೀಯಾ ಅಂದೆ. ನಾನು ನಿನ್ನ ಮುಖ ನೋಡಲಿಲ್ಲ.

ನೀನು ಬಲ್ಲ ಸಂಗತಿಯನ್ನೇ ಈಗ ಮತ್ತೆ ಬರೆಯುತ್ತೇನೆ. ನನಗಾಗಿ ಬರೆದುಕೊಳ್ಳುತ್ತಿದ್ದೇನೆ ಅಂದುಕೋ. ಎರಡು ವರ್ಷದ ಹಿಂದೆ ಅಪ್ಪುವಿನ ಎರಡು ಕಿಡ್ನಿಯೂ ಕೆಟ್ಟು, ವಾರಕ್ಕೆರಡು ಸಲ ಮಂಡ್ಯಕ್ಕೆ ಬಂದು ರಕ್ತ ಶುದ್ಧ ಮಾಡಿಸಿಕೊಂಡು, ನನ್ನ ಮನೆಯ ಚಾಪೆಯ ಮೇಲೆ ಮಲಗಿ ಹೋಗುತ್ತಿದ್ದ. ನಿನಗೆ ಸಕ್ಕರೆ ಕಾಯಿಲೆ, ನಿನ್ನದು ಆಗದು ಎಂದರು. ಅಪ್ಪ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಉಳಿದವಳು ನಾನು. ಪರೀಕ್ಷೆಯಲ್ಲಿ ನನ್ನದು ಹೊಂದಿತು. ಆ ದಿನದಿಂದ ಮನೆಯಲ್ಲಿ ಯಾರೂ ನನ್ನ ಎದುರು ಕಿಡ್ನಿ ಎಂಬ ಮಾತನ್ನೇ ಆಡಲಿಲ್ಲ. ಅಪ್ಪು ನನ್ನ ಕಣ್ಣು ತಪ್ಪಿಸುತ್ತಿದ್ದ. ನೀನು ನನಗೆ ತಟ್ಟೆಯಲ್ಲಿ ಹೆಚ್ಚು ತುಪ್ಪ ಹಾಕುತ್ತಿದ್ದೆ. ಕೊಡ್ತೀಯಾ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಬೆಳಿಗ್ಗೆ, "ಪಟ್ಟಲಮ್ಮನ್ನ ಕೇಳಾನ ಕಣವ್ವ. ಅಮ್ಮ ಏನಂತಾಳೋ ಅದೇ" ಅಂದೆ.

ನನಗೆ ಅದು ಎಷ್ಟು ಹಗುರವೆನಿಸಿತು ಗೊತ್ತಾ? ತೀರ್ಮಾನದ ಭಾರವನ್ನು ಎತ್ತಿಕೊಳ್ಳಲು ಒಬ್ಬಳಿದ್ದಾಳೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಂಥದ್ದನ್ನು ಬೇರೆಯವರು ಹೇಳಿದರೆ ನಾನು ಏನೂ ಅನ್ನದೆ ಪುಸ್ತಕ ತಿರುಗಿಸುತ್ತೇನೆ. ಆದರೆ ಬಾಲ್ಯದಿಂದ ಅವಳ ಕಲ್ಲಿನ ಮುಖ ನೋಡಿದವಳು ನಾನು. ಚಿಕ್ಕಂದಿನ ಜ್ವರಗಳಿಗೆಲ್ಲ ಅವಳ ಕುಂಕುಮವೇ. ನಂಬುತ್ತೇನೋ ಇಲ್ಲವೋ ಎಂದು ನನ್ನನ್ನು ನಾನು ಕೇಳಿಕೊಂಡವಳಲ್ಲ. ಕೇಳಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

ಆ ದಿನ ಮರಿಸಿದ್ದಯ್ಯ ಎರಡು ಕಣಗಿಲೆ ಎಸಳುಗಳನ್ನು ನೀರಿನಲ್ಲಿ ಅದ್ದಿ ಅವಳ ಎರಡು ಭುಜಕ್ಕೂ ಅಂಟಿಸಿದ. ಮನಸ್ಸಲ್ಲಿ ಏನ್ ಕೇಳ್ಬೇಕೋ ಕೇಳ್ಕೊ, ಬಾಯಿ ಬುಡ್ಬೇಡ, ಬಾಯಿ ಬುಟ್ರೆ ಅಪ್ಣೆ ಕೆಡ್ತದೆ ಅಂದ. ಕೈಮುಗಿದು ಕೇಳಿದೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ದೀಪ ಬಲಗಡೆಗಿತ್ತು, ಭುಜಕ್ಕೆ ಹತ್ತಿರವಾಗಿಯೇ ಇತ್ತು. ಅವಳ ಬೆಳ್ಳಿಯ ಕಣ್ಣುಗಳಲ್ಲಿ ಒಂದು ಮಾತ್ರ ಹೊಳೆಯುತ್ತಿದ್ದುದನ್ನು ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಬಿಸಿ ತಾಗಿದ ಕಡೆ ನೀರು ಬೇಗ ಆರುತ್ತದೆ, ಆರಿದ ಎಸಳು ಕಲ್ಲನ್ನು ಬಿಡುತ್ತದೆ. ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಆ ಗುಡಿಯೊಳಗೆ ನಾನು ಅದನ್ನು ತೆಗೆದುಕೊಂಡು ಹೋಗಿರಲಿಲ್ಲ, ಅಷ್ಟೆ. ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ.

ಬಲ ಭುಜದ ಹೂ ಬಿತ್ತು. ನೀನು "ಅಮ್ಮಾ" ಎಂದು ನೆಲಕ್ಕೆ ಬಿದ್ದು ಅತ್ತೆ. ನಾನೂ ಅತ್ತೆ. ನನಗೆ ಹೆದರಿಕೆ ಎಂದುಕೊಂಡು ನೀನು ಬೆನ್ನು ಸವರಿದೆ. ಆ ಕೈ ಬೆಚ್ಚಗಿತ್ತು. ಆ ಕೈಯನ್ನೂ ಈಗ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಬಿದ್ದ ಎಸಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೈಸೂರಿನ ಆಸ್ಪತ್ರೆಗೆ ಹೋದೆ. ಅಲ್ಲಿ ನಾನು ಹೇಗಿದ್ದೆ ಎನ್ನುವುದನ್ನು ನಿನಗೆ ಯಾವತ್ತೂ ಹೇಳಿಲ್ಲ. ಹೆದರಿಕೆ ಇರಲಿಲ್ಲ. ಹೆದರಿಕೆಯನ್ನು ಅದುಮಿಟ್ಟುಕೊಂಡಿದ್ದೆ ಎಂದಲ್ಲ, ಅದು ಇರಲೇ ಇಲ್ಲ. ಮೈಗೆ ಯಾವುದೋ ಒಂದು ಕೈ ಆಸರೆ ಕೊಟ್ಟ ಹಾಗೆ. ಪಕ್ಕದ ಮಂಚದಲ್ಲಿ ದುದ್ದ ಕಡೆಯ ಹೊಂಬಾಳಮ್ಮ ಎಂಬಾಕೆ ಇದ್ದಳು. ಗಂಡನಿಗೆ ಕೊಡಲು ಬಂದವಳು. ಇಡೀ ದಿನ ನಡುಗುತ್ತಿದ್ದಳು. "ಅದೆಂಗವ್ವ ನೀನು ಇಂಗೆ ಬೀಗ್ರೂಟಕ್ಕೆ ಬಂದೋಳಂಗೆ ಕುಂತಿದ್ದೀಯೆ?" ಎಂದು ಕೇಳಿದಳು. ಅವಳಿಗೆ ಹೂವಿನ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಇನ್ನಷ್ಟು ನಿಜವಾಯಿತು. ಎಸಳನ್ನು ಎರಡಾಗಿ ಸೀಳಿ ಅರ್ಧ ಕೊಟ್ಟೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಪರೇಷನ್ನಿಗೆ ಸೀರೆ ಬಿಚ್ಚಿಸಿದಾಗ ನರ್ಸಿನ ಜೊತೆ ಜಗಳವಾಡಿ, ಆ ಗಂಟನ್ನು ತಲೆದಿಂಬಿನ ಕೆಳಗೆ ಇಡಿಸಿ, ನಗುತ್ತಾ ಒಳಗೆ ಹೋದಳು.

ಇಬ್ಬರೂ ಎದ್ದು ಬಂದೆವು. ಅವಳು ಇಂದಿಗೂ ಹಬ್ಬಕ್ಕೆ ಹಬ್ಬಕ್ಕೆ ಫೋನು ಮಾಡುತ್ತಾಳೆ. ಸಂಕ್ರಾಂತಿಯ ಮಾರನೇ ದಿನವೂ ಮಾಡಿದಳು. ಬಸ್ಸಿನಲ್ಲಿದ್ದೆ. ಹೇಳಿಬಿಡಬೇಕು, ಆ ಹೂ ದೇವರು ಬೀಳಿಸಿದ್ದಲ್ಲ ಎಂದು ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವಳು ಆ ಅರ್ಧ ಎಸಳನ್ನು ತಾಯತದಲ್ಲಿ ಹಾಕಿಸಿ ಗಂಡನಿಗೆ ಕಟ್ಟಿದ್ದೇನೆ ಅಂದಳು. ಹೇಳಲಿಲ್ಲ. ಒಳ್ಳೆಯದಾಯಿತು ಅಂದೆ. ಆ ಗಳಿಗೆಯಲ್ಲಿ ನೀನು ಹೇಗೆ ಆ ದೀಪವನ್ನು ಸರಿಸಿರಬಹುದು ಎನ್ನುವುದು ನನಗೆ ಮೊದಲ ಸಲ ಅರ್ಥವಾಯಿತು. ಅರ್ಥವಾಗುವುದು ಬೇರೆ, ಕ್ಷಮಿಸುವುದು ಬೇರೆ. ಈಗ ನನ್ನ ಬಳಿ ಇರುವುದು ಮೊದಲನೆಯದು ಮಾತ್ರ.

ಊರಿನಿಂದ ಬಂದ ಮೇಲೆ ಕೆಲವು ದಿನ ದೇವರ ಮುಂದೆ ದೀಪ ಹಚ್ಚಲಿಲ್ಲ. ಬೆಂಕಿಕಡ್ಡಿ ಗೀರಿದರೆ ಸಾಕು, ಜಗಲಿಯ ನಗು ಕೇಳುತ್ತಿತ್ತು. ನೀನು ಮೋಸ ಮಾಡಿದ್ದು ಒಂದು. ಅದನ್ನು ಪಟ್ಟಲಮ್ಮನ ಹೆಸರು ಹೇಳಿ ಮಾಡಿದ್ದು ಇನ್ನೊಂದು. ತಾಯಿ ಹೋದರೆ ದೇವರ ಹತ್ತಿರ ಅಳಬಹುದು, ದೇವರು ಹೋದರೆ ತಾಯಿಯ ಹತ್ತಿರ ಅಳಬಹುದು. ನನಗೆ ಎರಡೂ ಒಂದೇ ಸಂಜೆ ಹೋದವು.

ಒಂದು ಭಾನುವಾರ, ನಿನಗೆ ಹೇಳದೆ, ಊರಿಗೆ ಬಂದು ನೇರ ಗುಡಿಗೆ ಹೋದೆ. ಮಟಮಟ ಮಧ್ಯಾಹ್ನ. ಕಬ್ಬಿಣದ ಬಾಗಿಲಿಗೆ ಬೀಗ. ಮರಿಸಿದ್ದಯ್ಯ ಊಟಕ್ಕೆ ಹೋಗಿದ್ದ. ಒಳಗೆ ದೀಪ ಆರಿತ್ತು. ಆ ಕತ್ತಲಲ್ಲಿ ಅವಳು ಬರೀ ಒಂದು ಕಲ್ಲಿನಂತೆ ಕೂತಿದ್ದಳು. ಬೈಯಲು ಹೋಗಿದ್ದೆ ಅವ್ವ. ನೀನೂ ಅವರ ಜೊತೆ ಸೇರಿದ್ದೆಯಾ ಎಂದು ಅವಳನ್ನೇ ಕೇಳಲು ಹೋಗಿದ್ದೆ. ಕಂಬಿ ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಮೆಲ್ಲಗೆ ಕಣ್ಣು ಹೊಂದಿಕೊಂಡಿತು. ಅವಳ ಬಲ ಭುಜದ ಮೇಲೆ ಕಪ್ಪು ಕಂಡಿತು. ಎಡಗಡೆ ಇರಲಿಲ್ಲ. ದೀಪದ ಹೊಗೆ ಹಿಡಿದು ಹಿಡಿದು ಆದದ್ದು. ಅಂದರೆ ನಾನು ಮೊದಲನೆಯವಳೂ ಅಲ್ಲ. ಎಷ್ಟು ಮದುವೆ, ಎಷ್ಟು ಜಗಳ, ಎಷ್ಟು ಜನರ ಹೌದುಗಳನ್ನು ಆ ಒಂದು ಭುಜದ ಮೇಲೆ ಸುಟ್ಟಿದ್ದಾರೋ. ಅವಳನ್ನೂ ಯಾರೂ ಕೇಳಲಿಲ್ಲ. ನನ್ನ ಪಕ್ಕೆಯ ಗಾಯ, ಅವಳ ಭುಜದ ಮಸಿ. ಬೈಯಲು ಬಂದವಳಿಗೆ ಬೈಗುಳ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಇದನ್ನು ಹೇಗೆ ಹೇಳಬೇಕೋ ತಿಳಿಯದು. ಆಸ್ಪತ್ರೆಯಲ್ಲಿ ಆಸರೆ ಕೊಟ್ಟಿತ್ತಲ್ಲ, ಆ ಕೈ ಮತ್ತೆ ಬಂತು. ಈ ಸಲ ಹೂವಿರಲಿಲ್ಲ, ದೀಪವಿರಲಿಲ್ಲ, ಮರಿಸಿದ್ದಯ್ಯ ಇರಲಿಲ್ಲ. ನಾನು ಏನನ್ನೂ ಕೇಳಿಯೂ ಇರಲಿಲ್ಲ. ಅವಳು ಹೂ ಬೀಳಿಸುವವಳು ಎಂದು ನಾನು ನಂಬಿದ್ದರೆ ಆ ನಂಬಿಕೆ ಜಗಲಿಯ ಮಾತಿಗೇ ಉದುರಬೇಕಿತ್ತು. ಉದುರಿತು ಎಂದೇ ತಿಳಿದಿದ್ದೆ. ಆದರೆ ಅದರ ಅಡಿಯಲ್ಲಿ ಇನ್ನೇನೋ ಇತ್ತು, ಅದನ್ನು ಸರಿಸಲು ಯಾರಿಗೂ ಆಗಿರಲಿಲ್ಲ. ಅವಳು ನನಗೆ ಉತ್ತರ ಕೊಟ್ಟಿರಲಿಲ್ಲ, ನಿಜ. ಆಪರೇಷನ್ ಕೋಣೆಗೆ ನನ್ನ ಜೊತೆ ಬಂದಿದ್ದಳು, ಅದೂ ನಿಜ. ಮಂಡ್ಯಕ್ಕೆ ಬಂದು ದೀಪ ಹಚ್ಚಿದೆ. ಈಗ ದಿನಾ ಹಚ್ಚುತ್ತೇನೆ. ಏನನ್ನೂ ಕೇಳುವುದಿಲ್ಲ. ಕೇಳುವುದು ನಿಂತ ಮೇಲೆ ನಂಬುವುದು ಇಷ್ಟು ಸರಳವೇ ಎಂದು ಆಶ್ಚರ್ಯವಾಗುತ್ತದೆ.

ಆದರೆ ದೀಪಿಕ ಕೇಳಲು ಬರುತ್ತಿದ್ದಾಳಲ್ಲ. ಅವಳಿಗೆ ಇಪ್ಪತ್ತೇಳು. ನಾನು ನಿಂತ ಜಾಗದಲ್ಲೇ ನಿಲ್ಲುತ್ತಾಳೆ. ಅದೇ ಮಸಿ ಹಿಡಿದ ಭುಜದಿಂದ ಹೂ ಬೀಳುತ್ತದೆ. ಮೊದಲು ಅಪ್ಪುವಿಗೆ ಫೋನು ಮಾಡಿ, ನೀನೇ ಅವಳಿಗೆ ಹೇಳು ಅಂದೆ. "ಅವ್ವ ಬ್ಯಾಡ ಅಂತದೆ ಅಕ್ಕ" ಅಂದ. ದೀಪದ ವಿಷಯ ಅವನಿಗೆ ಗೊತ್ತಾ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಗೊತ್ತಿಲ್ಲ ಎಂದೇ ಇರಲಿ.

ಮೊನ್ನೆ ಭಾನುವಾರ ನಾನೇ ಮಳವಳ್ಳಿಗೆ ಹೋದೆ. ಈಗ ನೀನು ಎದೆ ಹಿಡಿದುಕೊಳ್ಳುತ್ತೀಯ. ಹಿಡಿದುಕೋ, ಆದರೆ ಮುಂದೆ ಓದು.

ದೀಪಿಕಳನ್ನು ಕರೆಸಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಜ್ಯೂಸ್ ಅಂಗಡಿಯಲ್ಲಿ ಕೂತೆವು. ಎಲ್ಲವನ್ನೂ ಹೇಳಿದೆ. ಕಿಡ್ನಿ, ಮಾತ್ರೆ, ದೀಪ. ಅವಳು ಸ್ಟ್ರಾ ಮಡಚುತ್ತಾ ಕೇಳುತ್ತಿದ್ದಳು. ಅತ್ತು ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು, "ನಿಮ್ಗೆ ತುಂಬಾ ನೋವಾಯ್ತಾ ಅಕ್ಕ?" ಯಾವುದು ಎಂದು ನಾನು ಕೇಳಲಿಲ್ಲ. ಅದಾದ ಮೇಲೆ ಸಿಟ್ಟು ಬಂತು ಅವಳಿಗೆ. "ನಮ್ಮಪ್ಪನ್ಗೆ ಗೊತ್ತಾದ್ರೆ ನಿಮ್ ಊರ್ ಕಡೆ ತಲೆನೂ ಆಕಲ್ಲ. ನಮ್ಮನ್ನೇನು ಕಿವಿಮೇಲೆ ಊವ ಮಡಿಕೊಂಡೋರು ಅನ್ಕೊಂಡ್ರಾ?" ಅಂದಳು. ಅಂಗಡಿಯವನು ತಿರುಗಿ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಸಣ್ಣ ದನಿಯಲ್ಲಿ, "ಅವ್ರು ಮನುಷ್ಯ ಒಳ್ಳೇವ್ರು ಕಣಕ್ಕ. ಫೋನ್ನಲ್ಲಿ ಮಾತಾಡುವಾಗೆಲ್ಲ ಏನೋ ಏಳಕ್ಕೆ ಬಂದು ನುಂಗ್ತಿದ್ರು. ನಾನು ಬೇರೆ ಉಡ್ಗಿ ಇರ್ಬೋದು ಅನ್ಕೊಂಡಿದ್ದೆ" ಎಂದು ನಕ್ಕುಬಿಟ್ಟಳು.

ಬಸ್ಸು ಹತ್ತಿಸಲು ಬಂದವಳು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಶುಕ್ರವಾರ ಬತ್ತೀನಿ. ನಮ್ಮಪ್ಪ ಅಮ್ಮಂಗೆ ನಾನೇ ಏಳ್ತೀನಿ, ಅವ್ರು ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ. ನಂಗೂ ಏನ್ ಮಾಡ್ಬೇಕು ಅಂತ ಗೊತ್ತಾಯ್ತಿಲ್ಲ, ಅದ್ಕೇ ಕೇಳ್ತೀನಿ. ಆದ್ರೆ ದೀಪವ ಮಧ್ಯಕ್ಕೆ ಇಡ್ಸಿ ಅಕ್ಕ."

ಇಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಮರಿಸಿದ್ದಯ್ಯನಿಗೆ ಇವತ್ತು ಬೆಳಿಗ್ಗೆ ಫೋನಿನಲ್ಲಿ ಹೇಳಿಯೂ ಆಯಿತು. ಅವನು ಕೆಮ್ಮಿದ. ಶುಕ್ರವಾರ ನಾನು ಎಲ್ಲರಿಗಿಂತ ಮೊದಲು ಬಂದು ಗುಡಿಯೊಳಗೆ ನಿಲ್ಲುತ್ತೇನೆ. ದೀಪ ಪಟ್ಟಲಮ್ಮನ ಪಾದದ ನೇರಕ್ಕೆ ಇರುತ್ತದೆ, ಎರಡು ಭುಜಕ್ಕೂ ಒಂದೇ ದೂರ.

ಆಗ ಏನಾಗುತ್ತದೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿರುವುದಿಲ್ಲ. ಎಡಗಡೆಯದೇ ಬೀಳಬಹುದು. ಇಷ್ಟು ವರ್ಷ ನೀನು ಅವಳ ಮುಂದೆ ಕೈಮುಗಿದು ನಿಂತಿದ್ದೀಯ, ಆದರೆ ಬೀಳುವ ಹೂ ಯಾವುದೆಂದು ತಿಳಿಯದೆ ನಿಂತದ್ದು ಎಷ್ಟು ಸಲವೋ ನನಗೆ ತಿಳಿಯದು. ಈ ಶುಕ್ರವಾರ ಹಾಗೆ ನಿಲ್ಲಬೇಕು. ನಿನ್ನ ಮಗನ ಬಾಳನ್ನು ನಿನ್ನ ಕೈಯಿಂದ ಬಿಟ್ಟು ನಿಲ್ಲಬೇಕು. ಅದು ಎಷ್ಟು ಕಷ್ಟವೆಂದು ಬಲ್ಲೆ. ಆದರೆ ಅಲ್ಲಿ ಒಂದು ಆಸರೆ ಇದೆ ಅವ್ವ, ಸುಳ್ಳು ಹೇಳುತ್ತಿಲ್ಲ. ನಾನು ಅದಕ್ಕೆ ಒರಗಿ ನೋಡಿದ್ದೇನೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋದಾಗ ಹೇಳುತ್ತೇನೆ. ಹಾಗಿದ್ದರೂ ಶುಕ್ರವಾರ ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ, ಕಾಲು ನಡುಗಿದರೆ ನನ್ನ ತೋಳು ಹಿಡಿದುಕೋ. ಬಲಗಡೆಯದನ್ನು ಹಿಡಿ. ಎಡಪಕ್ಕೆ ಈಗಲೂ ಒತ್ತಿದರೆ ನೋಯುತ್ತದೆ. ಮಾತ್ರೆಗಳನ್ನು ಅವುಗಳ ಡಬ್ಬಿಗೇ ಹಾಕಿಡು.

ನಿನ್ನ ಮಗಳು,
ರೂಪ

ಮರೆತಿದ್ದು: ಹೂ ಕೇಳುವಾಗ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ಹೇಳಬಾರದು ಅನ್ನುತ್ತಾರೆ. ಆ ಅಪ್ಪಣೆ ಹೇಗೂ ಪಟ್ಟಲಮ್ಮನದಲ್ಲ, ಆದ್ದರಿಂದ ಹೇಳಬಹುದು. ಕಿಡ್ನಿ ಕೊಡುವುದೆಂದು ನಾನು ಆ ದಿನ ಊರಿಗೆ ಬರುವ ಬಸ್ಸಿನಲ್ಲೇ, ಮದ್ದೂರು ದಾಟುವಾಗಲೇ ತೀರ್ಮಾನಿಸಿದ್ದೆ. ಗುಡಿಯಲ್ಲಿ ಅದನ್ನು ಕೇಳಲೇ ಇಲ್ಲ. ನಾನು ಕೇಳಿದ್ದು, ಅಪ್ಪು ಬೇಕಾದಷ್ಟೇ ಅವ್ವನಿಗೆ ನಾನೂ ಬೇಕಾ ಎಂದು. ಬಲಗಡೆಯ ಹೂ ಬಿತ್ತು. ಅದನ್ನು ನಂಬಿಕೊಂಡೇ ಮೈಸೂರಿಗೆ ಹೋದದ್ದು. ಅದು ದೇವರನ್ನು ಕೇಳುವ ಪ್ರಶ್ನೆಯಾಗಿರಲಿಲ್ಲ. ನಿನ್ನನ್ನೇ ಕೇಳಬೇಕಿತ್ತು.